ಮಳೆಗಾಲಕ್ಕೆ ಮುಂಚೆ ಎಂಡ್ ಕ್ಯಾಪ್ ಬಿಚ್ಚಿ ನೋಡಿ

ಬೆಂಗಳೂರಲ್ಲಿ 2009ರಲ್ಲಿ ಮಳೆಕೊಯ್ಲು ಕಡ್ಡಾಯ ಆದ ಮೇಲೆ ತುಂಬಾ ಮನೆಗಳಿಗೆ ಪೈಪು, ಫಿಲ್ಟರು ಬಂದವು. ಅದನ್ನು ಆಗಾಗ ಬಿಚ್ಚಿ ತೊಳೆಯುವವರು ಮಾತ್ರ ಕಮ್ಮಿ. ಫಿಲ್ಟರ್ ಕಟ್ಟಿಕೊಂಡರೆ ಅಷ್ಟೂ ನೀರು ಸುಮ್ನೆ ಚರಂಡಿ ಪಾಲು.

ಏಪ್ರಿಲ್‌ನಲ್ಲೇ ಶುರು ಮಾಡಿ. ಮೊದಲು ತಾರಸಿ ಗುಡಿಸಿ, ಪಾರಿವಾಳದ ಹಿಕ್ಕೆ ಉಜ್ಜಿ ತೊಳೆಯಿರಿ. ನೀರಿಳಿಯುವ ತೂತಿನ ಜಾಲರಿ ಎತ್ತಿ ನೋಡಿದರೆ ಕೆಳಗೆ ಎಲೆ, ಮಣ್ಣು ಸೇರಿ ಕಪ್ಪು ಕೆಸರಾಗಿರುತ್ತದೆ, ಒಮ್ಮೊಮ್ಮೆ ಅರಳಿ ಗಿಡವೂ ಬೇರು ಬಿಟ್ಟಿರುತ್ತದೆ. ಬೇರು ಸಮೇತ ಕೀಳಿ.

ಆಮೇಲೆ ಪೈಪಿನ ತಳದ ಎಂಡ್ ಕ್ಯಾಪ್, ಅಂದರೆ ಬಿಚ್ಚಿ ಹಾಕುವ ಮುಚ್ಚಳ. ಅದರ ಮೇಲಿನ ತುಂಡು ಪೈಪು ಮೊದಲ ಮಳೆಯ ಕೊಳೆ ನೀರು ನಿಲ್ಲಲಿ ಅಂತ ಇಟ್ಟ ಜಾಗ. ಆದರೆ ಲೆಕ್ಕ ನೋಡಿ: ಸಾವಿರ ಚದರಡಿ ತಾರಸಿ ಮೇಲೆ 1 ಮಿ.ಮೀ. ಮಳೆ ಬಿದ್ದರೂ ಸುಮಾರು 93 ಲೀಟರ್ ನೀರು. ನಾಲ್ಕಿಂಚಿನ ಪೈಪು ಮೀಟರಿಗೆ 8 ಲೀಟರ್ ಹಿಡಿದರೆ ಹೆಚ್ಚು. ಮೂರಡಿ ತುಂಡು ಪೈಪು ಯಾವ ಮೂಲೆಗೆ ಸಾಕು? ಅದಕ್ಕೇ ವರ್ಷದ ಮೊದಲ ಮಳೆಗೆ ಕ್ಯಾಪ್ ಬಿಚ್ಚಿಯೇ ಇಡಿ, ನೀರು ತಿಳಿಯಾದ ಮೇಲೆ ಮುಚ್ಚಿ. ಮಳೆ ನಿಂತ ಮೇಲೆ ಪ್ರತಿ ಸಲ ಆ ತುಂಡು ಪೈಪನ್ನು ಖಾಲಿ ಮಾಡಬೇಕು, ಇಲ್ಲದಿದ್ದರೆ ಮುಂದಿನ ಮಳೆಯಲ್ಲಿ ಹೊಸ ಕೊಳೆಗೆ ಅಲ್ಲಿ ಜಾಗವೇ ಇರಲ್ಲ, ಅಲ್ವಾ?

ಡ್ರಮ್ ಫಿಲ್ಟರ್ ಇದ್ದರೆ ಒಂದು ಬಕೆಟ್ ನೀರು ಸುರಿದು ನೋಡಿ. ಸರಸರ ಇಳಿಯದೆ ಮೇಲೇ ನಿಂತರೆ ಮರಳು, ಜಲ್ಲಿ ಹೊರತೆಗೆದು ನೀರು ತಿಳಿಯಾಗುವವರೆಗೆ ತೊಳೆಯಿರಿ. ಇದ್ದಿಲು ಹಾಕಿದ್ದರೆ ಹೊಸದು ಹಾಕಿ. ನೆಲದಡಿಯ ನೀರಿನ ತೊಟ್ಟಿ (ಸಂಪ್) ಒಳಗೆ ಒಬ್ಬರೇ ಇಳಿಯಬೇಡಿ, ಒಳಗೆ ಗಾಳಿ ಕೆಟ್ಟಿರಬಹುದು.

ಇನ್ನು ಬಚ್ಚಲು, ವಾಷಿಂಗ್ ಮೆಷಿನ್ ನೀರು. ಇದನ್ನು ಕೂಡಿಡಲೇಬಾರದು. ಒಂದು ದಿನ ಕಳೆದರೆ ನಾತ ಹೊಡೆಯುತ್ತದೆ, ಹಾಗಾಗಿ ಅವತ್ತಿಂದು ಅವತ್ತೇ ಬಾಳೆ, ಕಾಬಾಳೆ ಬುಡಕ್ಕೆ ಬಿಡಿ. ಸೊಪ್ಪಿನ ಮಡಿಗೆ ಬೇಡ. ಕೂದಲು, ನೂಲು ತಡೆಯಲು ಪೈಪಿನ ಬಾಯಿಗೆ ಹಳೇ ಸಾಕ್ಸ್ ಕಟ್ಟಿದರೆ ಸಾಕು, ವಾರಕ್ಕೊಮ್ಮೆ ತೊಳೆಯಿರಿ. ಸೋಪಿನ ಪುಡಿಯಲ್ಲಿ ಉಪ್ಪು ಜಾಸ್ತಿ. ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಕೆಲವು ದಿನ ಒಳ್ಳೆ ನೀರು ಹಾಯಿಸಿ. ಪಾತ್ರೆ ತೊಳೆದ ನೀರಲ್ಲಿ ಎಣ್ಣೆ ಜಿಡ್ಡು ಇರುವುದರಿಂದ ಅದು ಚರಂಡಿಗೇ ಹೋಗಲಿ.

ಇವ್ಯಾವುದನ್ನೂ ಇಂಗುಗುಂಡಿಗೆ ಮಾತ್ರ ಬಿಡಬೇಡಿ. ಅಲ್ಲಿ ಇಂಗಿದ್ದು ನಿಮ್ಮದೋ ಪಕ್ಕದ ಮನೆಯದೋ ಬೋರ್‌ವೆಲ್‌ಗೆ ಸೇರಬಹುದು.