ಹಾಜರಿ ಪುಸ್ತಕ ಮತ್ತು ಮಂಡಿಯ ಪಟ್ಟಿ

ತೀರ್ಥಹಳ್ಳಿ ಕಡೆಯ ಪದವಿ ಕಾಲೇಜೊಂದರಲ್ಲಿ ನಾನು ಬಿ.ಕಾಂ. ವಿದ್ಯಾರ್ಥಿಗಳಿಗೆ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ಯಾರು ಹಿಂದೆ ಬಿದ್ದಿದ್ದಾರೆ ಎಂಬುದು ಫಲಿತಾಂಶ ಬಂದ ಮೇಲೆ ಊರಿಗೆಲ್ಲ ಗೊತ್ತಾಗುತ್ತದೆ. ನನಗೆ ಅದು ಮೊದಲೇ ಗೊತ್ತಾಗಬೇಕು. ಅದಕ್ಕೆ ಹಾಜರಿ ಪುಸ್ತಕ ನೋಡುತ್ತೇನೆ. ಒಟ್ಟು ಶೇಕಡಾವಾರನ್ನಲ್ಲ, ಯಾವ ಪೀರಿಯಡ್ಡಿಗೆ ಗೈರು, ಯಾವ ತಿಂಗಳಲ್ಲಿ ಗೈರು ಎಂಬುದನ್ನು.

ಮೊದಲ ಪೀರಿಯಡ್ಡಿಗೆ ಮಾತ್ರ ತಪ್ಪಿಸಿಕೊಳ್ಳುವವರು ಸೋಮಾರಿಗಳಲ್ಲ, ಬಸ್ಸಿನವರು. ಆಗುಂಬೆ ಕಡೆಯ ಒಳ ಊರುಗಳವರಿಗೆ ಖಾಸಗಿ ಬಸ್ಸೇ ಗತಿ. ಮಳೆಗಾಲದಲ್ಲಿ ಅದು ಬಂದಾಗಲೇ ಬೆಳಗು. 2023ರಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದರೂ ಸರಕಾರಿ ಬಸ್ಸನ್ನೇ ಕಾಣದ ಊರಿನ ಹುಡುಗಿಗೆ ಅದರಿಂದ ಆದ ಉಪಕಾರ ಏನೂ ಇಲ್ಲ. ಶೇ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಇಂಥವರನ್ನು ಹೆದರಿಸಿ ಫಲವಿಲ್ಲ. ವೇಳಾಪಟ್ಟಿ ಮಾಡುವಾಗ ಹಟ ಹಿಡಿದು ನನ್ನ ವಿಷಯವನ್ನು ಎರಡನೇ ಪೀರಿಯಡ್ಡಿಗೆ ಹಾಕಿಸಿಕೊಂಡೆ. ಮೊದಲನೆಯದು ಪಾಲಿಗೆ ಬಂದ ಸಹೋದ್ಯೋಗಿಯ ಮುನಿಸು ಇನ್ನೂ ಇಳಿದಿಲ್ಲ.

ದೀಪಾವಳಿಯ ಆಚೀಚೆ ಗೈರು ಹೆಚ್ಚಿದರೆ ಅದು ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕಾಲ. ರಾತ್ರಿಯೆಲ್ಲ ಅಡಿಕೆ ಸುಲಿದ ಹುಡುಗ ಕಡೆಯ ಬೆಂಚಿನಲ್ಲಿ ತೂಕಡಿಸುತ್ತಾನೆ. ಅಂಥವನೊಬ್ಬ, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಕಿರು ಪರೀಕ್ಷೆಯಲ್ಲಿ ಕನ್ಸೈನ್‌ಮೆಂಟ್ ಲೆಕ್ಕವನ್ನು (ಕಮಿಷನ್ ಮೇಲೆ ಮಾರಿಕೊಡಲು ಇನ್ನೊಬ್ಬರಿಗೆ ಮಾಲು ಕಳಿಸುವ ವ್ಯವಹಾರದ ಲೆಕ್ಕ) ಮುಟ್ಟಿಯೇ ಇರಲಿಲ್ಲ. ಮನೆಯಲ್ಲಿರುವ ಮಂಡಿಯ ಪಟ್ಟಿಯೊಂದನ್ನು, ಅಂದರೆ ಅಡಿಕೆ ಮಾರಿಕೊಟ್ಟ ಮಂಡಿಯವರು ಕೊಡುವ ಲೆಕ್ಕದ ಚೀಟಿಯನ್ನು, ತರಲು ಹೇಳಿದೆ. ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿ ತಂದ. ತೂಕ, ದರ, ಕಮಿಷನ್, ಹಮಾಲಿ, ಹಿಂದೆ ಪಡೆದ ಮುಂಗಡ, ಕೈಗೆ ಬಂದ ಬಾಕಿ.

"ಮಂಡಿಗೆ ಹಾಕಿದ ಮೇಲೆ ಈ ಅಡಿಕೆ ಯಾರದು?"

"ಮಾರಾಟ ಆಗುವ ತನಕ ನಮ್ಮದೇ ಸಾರ್."

ಇಡೀ ಅಧ್ಯಾಯದ ಬುಡವೇ ಅದು. ಮಾಲು ಕಳಿಸಿದ ಅವನ ಅಪ್ಪ ಕನ್ಸೈನರ್, ಮಾರಿಕೊಡುವ ಮಂಡಿಯವರು ಕನ್ಸೈನಿ, ಕೈಯಲ್ಲಿದ್ದ ಮಾರಾಟದ ಲೆಕ್ಕದ ಕಾಗದ ಅಕೌಂಟ್ ಸೇಲ್ಸ್. ಕಮಿಷನ್, ಹಮಾಲಿಗಳನ್ನು ಕನ್ಸೈನ್‌ಮೆಂಟ್ ಖಾತೆಯ ಡೆಬಿಟ್ ಕಡೆ ಸರಿಯಾಗಿ ಬರೆದ. ಮುಂಗಡವನ್ನೂ ಅಲ್ಲಿಗೇ ತುರುಕಿದ. ಅದು ಖರ್ಚೋ, ಸಾಲವೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಡೆದುಹಾಕಿ, ಮಂಡಿಯವರ ಖಾತೆಯಲ್ಲಿ ಕ್ರೆಡಿಟ್ ಮಾಡಿದ. ಆ ಪೇಪರ್ ಪಾಸಾದ. ಇಂಗ್ಲಿಷ್ ಇನ್ನೂ ಬಾಕಿ ಇದೆ.

ಹಿಂದೆ ಬಿದ್ದವರ ಹೆಚ್ಚುವರಿ ಪಾಠಕ್ಕೆ ಪರಿಹಾರ ಬೋಧನೆ ಎಂದು ಹೆಸರಿಟ್ಟು ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಹಾಕಿದರೆ ಒಬ್ಬರೂ ಬರುವುದಿಲ್ಲ. ಮರ್ಯಾದೆ ಎಲ್ಲರಿಗೂ ಇದೆ. ಕಾಲೇಜು ಬಿಟ್ಟ ಮೇಲೆ ನಿಲ್ಲಿಸಿಕೊಂಡರೆ ಬಸ್ಸು ತಪ್ಪುತ್ತದೆ. ಹಾಗಾಗಿ ಮಧ್ಯಾಹ್ನದ ಬಿಡುವಿನಲ್ಲಿ ಲೈಬ್ರರಿಯ ಮೂಲೆಯಲ್ಲಿ ಕೂರುತ್ತೇನೆ, ಬುದ್ಧಿವಂತರನ್ನೂ ಕರೆಯುತ್ತೇನೆ. ಉಳಿದದ್ದನ್ನು ಅದೇ ಬಸ್ಸಿನಲ್ಲಿ ಓಡಾಡುವ ಅಂತಿಮ ವರ್ಷದವರು ನೋಡಿಕೊಳ್ಳುತ್ತಾರೆ. ನನ್ನ ಹತ್ತಿರ ಕೇಳಲು ಅಂಜುವ ಪ್ರಶ್ನೆಯನ್ನು ಅವರ ಹತ್ತಿರ ಕೇಳುತ್ತಾರೆ.

ಓದಿಗಿಂತ ಹೆಚ್ಚು ಕಾಡುವುದು ಅರ್ಜಿ. ಬಾಕಿ ಉಳಿದ ವಿಷಯಕ್ಕೆ ಪರೀಕ್ಷಾ ಶುಲ್ಕ ಕಟ್ಟಲು ಮರೆತೋ, ಹಣ ಹೊಂದದೆಯೋ ವರ್ಷ ಕಳೆದುಕೊಳ್ಳುವವರು ಫೇಲಾದವರಷ್ಟೇ ಇದ್ದಾರೆ. ಕಡೆಯ ದಿನಾಂಕಕ್ಕೆ ವಾರ ಮೊದಲು ಕಚೇರಿಯಿಂದ ಹೆಸರು ಪಡೆದು ಮನೆಗೆ ಫೋನ್ ಮಾಡುತ್ತೇನೆ. ನೆಟ್‌ವರ್ಕ್ ಸಿಗದ ಊರಾದರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಟ್ಟು ಕಳಿಸುತ್ತೇನೆ.