ಮಳೆಯಲ್ಲಿ ನೋಡಿ ಕೊಂಡ ಮಾಳಿಗೆ ಮನೆ

ಕೊಪ್ಪಳ ಜಿಲ್ಲೆಯ ಯಲಬುರ್ಗಾದಲ್ಲಿ ನಾವು ಕೊಂಡ ಮಾಳಿಗೆ ಮನೆಯನ್ನು, ಅಂದರೆ ತೊಲೆಗಳ ಮೇಲೆ ಮಣ್ಣು ಹಾಸಿದ ಚಾವಣಿಯ ಮನೆಯನ್ನು, ಮೊದಲ ಸಲ ನೋಡಿದ್ದು ಉತ್ತರಿ ಮಳೆ ಹಿಡಿದ ದಿನ. ಪಡಸಾಲೆಯಲ್ಲಿ ಐದು ಕಡೆ ಬಕೆಟ್, ಕೊಡ ಇಟ್ಟಿದ್ದರು. ನಮಗಿಂತ ಮುಂಚೆ ಬಂದವರು ಬಾಗಿಲಿಂದಲೇ ವಾಪಸ್ ಹೋಗಿದ್ದರಂತೆ. ನನಗೆ ಆ ಮಳೆ ಉಪಕಾರವನ್ನೇ ಮಾಡಿತು. ಬೇಸಿಗೆಯಲ್ಲಿ ಸುಣ್ಣ ಬಳಿದು ತೋರಿಸಿದ್ದರೆ ನೀರು ಎಲ್ಲಿಂದ ಇಳಿಯುತ್ತೆ, ಗೋಡೆಯಲ್ಲಿ ಎಷ್ಟು ಎತ್ತರಕ್ಕೆ ಏರುತ್ತೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಎರಡನೇ ಸಲ ಹೋಗುವಾಗ ವಯಸ್ಸಾದ ಗೌಂಡಿ (ಗಾರೆ ಕೆಲಸದವರು) ಒಬ್ಬರನ್ನು ಕರೆದುಕೊಂಡು ಹೋದೆ. ಅವರು ಏಣಿ ಹಾಕಿ ಒಂದೊಂದೇ ತೊಲೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದರು. ಅದೂ ಗೋಡೆಯೊಳಗೆ ಹೋಗುವ ತುದಿಯಲ್ಲೇ, ಯಾಕೆಂದರೆ ಒದ್ದೆ ಗೋಡೆಗೆ ತಾಗಿಕೊಂಡಿರೋದು ಆ ಭಾಗ, ಗೆದ್ದಲು ಹತ್ತೋದೂ ಅಲ್ಲೇ. ಏಳರಲ್ಲಿ ಐದು ಕಲ್ಲಿನ ಹಾಗಿದ್ದವು. ಆರನೆಯದರಲ್ಲಿ ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು, ಎಳೆದಾಗ ಚಹಾ ಪುಡಿಯಂಥ ಹುಡಿ ಉದುರಿತು. ಏಳನೆಯದೂ ಹಾಗೇ. "ಎರಡ ತೊಲಿ ಹೋಗ್ಯಾವ ನೋಡ್ರಿ. ಉಳದವು ಗಟ್ಟಿ ಅದಾವ, ಭಾರಕ್ಕ ಬಾಗ್ಯಾವ ಅಷ್ಟ" ಎಂದರು.

ಭಾರ ಅಂದರೆ ಮಣ್ಣು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಸವಳು ಮಣ್ಣು (ಉಪ್ಪು-ಕ್ಷಾರ ಇರುವ ಮಣ್ಣು) ಹಾಕುತ್ತಾರೆ, ಅದು ನೆನೆದರೆ ಸಂದು ಮುಚ್ಚಿ ನೀರು ಬಿಡುವುದಿಲ್ಲ. ಆದರೆ ಈ ಮನೆಯಲ್ಲಿ ಹಳೇದನ್ನು ಕೆರೆದು ತೆಗೆಯದೆ ವರ್ಷವರ್ಷ ಮೇಲೆ ಮೇಲೆ ಹಾಕಿದ್ದರು. ಅಗೆದು ಅಳೆದರೆ ಒಂದೂವರೆ ಅಡಿ! 20 ಅಡಿ ಉದ್ದ, 10 ಅಡಿ ಅಗಲದ ಪಡಸಾಲೆ ಮೇಲೆ ಒಂದು ಅಡಿ ಮಣ್ಣಂದರೇ ಹತ್ತಿರ ಹತ್ತಿರ 10 ಟನ್, ಅಲ್ವಾ.

ನನಗೆ ನಿಜಕ್ಕೂ ಭಯ ಇದ್ದದ್ದು ಈಶಾನ್ಯ ಮೂಲೆಯ ಬಿರುಕಿನದು. ಕೆಳಗೆ ಎರೆ, ಅಂದರೆ ಕಪ್ಪು ಮಣ್ಣು. ನೆನೆದರೆ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ, ಮೇಲಿನ ಗೋಡೆಯೂ ಅದರ ಜೊತೆ ಆಡುತ್ತೆ. ಮಾಲೀಕರನ್ನು ಕೇಳಿ ನಾಲ್ಕು ಬಿರುಕುಗಳ ಮೇಲೆ ಗಾಜಿನ ತೆಳು ಪಟ್ಟಿ ಅಂಟಿಸಿ ತಾರೀಖು ಬರೆದು ಬಂದೆ. ಬಿರುಕು ಇನ್ನೂ ಆಡುತ್ತಿದ್ದರೆ ಗಾಜು ಒಡೆಯುತ್ತೆ. ಎರಡು ತಿಂಗಳಲ್ಲಿ ಒಡೆದದ್ದು ಒಂದೇ, ಆ ಮೂಲೆಯದು. ಹೊರಗೆ ಅಗೆದು ನೋಡಿದರೆ ಬಚ್ಚಲ ಪೈಪು ಒಡೆದು ನೀರು ವರ್ಷಗಟ್ಟಲೆ ಪಾಯಕ್ಕೆ ಇಳಿಯುತ್ತಿತ್ತು. ಅದನ್ನು ನೋಡಿದ ಮೇಲೇ ಮನೆ ತಗೋಬೇಕು ಅಂತ ಗಟ್ಟಿ ಮಾಡಿದೆ. ಮಾಳಿಗೆ, ಗೋಡೆ, ಪಾಯ, ಮೂರನ್ನೂ ಕೆಡಿಸಿದ್ದು ನೀರೇ, ಮತ್ತು ಆ ನೀರಿನ ದಾರಿಯನ್ನು ತಿರುಗಿಸಬಹುದಿತ್ತು.

ಕಾಗದದ ಕೆಲಸ ಇದಕ್ಕಿಂತ ನಿಧಾನ ಆಯಿತು. ಪಿತ್ರಾರ್ಜಿತ ಆಸ್ತಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಹೋದ ಮಾಲೀಕರ ಇಬ್ಬರು ಅಕ್ಕಂದಿರ ಸಹಿ ಬರುವವರೆಗೆ ನಾನು ಅಡ್ವಾನ್ಸ್ ಕೊಡಲಿಲ್ಲ. ರಿಪೇರಿ ಲೆಕ್ಕ ಬರೆದು ಮುಂದಿಟ್ಟಿದ್ದಕ್ಕೆ 12 ಲಕ್ಷ ಹೇಳಿದ್ದವರು 9ಕ್ಕೆ ಬಂದರು.

ಮೊದಲು ಮುಟ್ಟಿದ್ದು ಪೈಪು. ಆಮೇಲೆ ಗೋಡೆ ಸುತ್ತ ಎರಡು ಅಡಿ ಅಗಲಕ್ಕೆ ಎರೆ ತೆಗೆದು ಗರಸು (ಕಲ್ಲುಚೂರಿನ ಗಟ್ಟಿ ಮಣ್ಣು) ತುಂಬಿ ಬಡಿಸಿ, ನೀರು ಹೊರಗೆ ಹರಿಯುವ ಹಾಗೆ ಇಳಿಜಾರು ಮಾಡಿ ಬಂಡೆ ಹಾಸಿದೆವು. ಮಾಳಿಗೆ ಮಣ್ಣು ತೆಗೆಯುವ ಮುಂಚೆ ಎಲ್ಲ ತೊಲೆಗಳಿಗೂ ಜಾಕಿ ಕೊಟ್ಟೆವು, ಒಂದೇ ಕಡೆ ಖಾಲಿ ಮಾಡದೆ ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ಇಳಿಸಿದೆವು. ಕೊಳೆತ ಎರಡರ ಜಾಗದಲ್ಲಿ ಕಬ್ಬಿಣದ ಗರ್ಡರ್. ಹೊಸ ಸವಳು ಆರೇ ಇಂಚು.

ಒಂದು ಕಡೆ ನನ್ನಿಂದ ತಪ್ಪಾಯಿತು. ಬೇಗ ಮುಗೀಲಿ ಅಂತ ಅಡುಗೆಮನೆ ಗೋಡೆಗೆ ಸಿಮೆಂಟ್ ಗಿಲಾವು ಹಾಕಿಸಿದೆ. ಗೌಂಡಿ ಬೇಡವೆಂದಿದ್ದರು. ಒಳಗೆ ಕಲ್ಲು-ಮಣ್ಣಿನ ಗೋಡೆ, ತೇವ ಹೊರಗೆ ಹೋಗಲು ದಾರಿಯೇ ಇಲ್ಲದೆ ನಾಲ್ಕೇ ತಿಂಗಳಲ್ಲಿ ಉಪ್ಪು ಬಿಟ್ಟು ಹಪ್ಪಳದ ಹಾಗೆ ಎದ್ದಿತು. ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿದ್ದಕ್ಕೆ ಮತ್ತೆ 40 ಸಾವಿರ. 3 ಲಕ್ಷ ಅಂದುಕೊಂಡಿದ್ದ ರಿಪೇರಿ 4 ಲಕ್ಷ 10 ಸಾವಿರಕ್ಕೆ ಹೋಗಿ ನಿಂತಿತು. ಹಳೇ ಮನೆ ನೋಡುತ್ತಿರುವವರು ಅಂದಾಜಿನ ಮೇಲೆ ಮೂರನೇ ಒಂದು ಭಾಗ ಜಾಸ್ತಿ ಇಟ್ಟುಕೊಳ್ಳಿ.

ಆಮೇಲೆ ಎರಡು ಉತ್ತರಿ ಮಳೆ ಕಳೆದವು. ಆ ಮೂಲೆಗೆ ಹೊಸದಾಗಿ ಅಂಟಿಸಿದ ಗಾಜು ಇನ್ನೂ ಒಡೆದಿಲ್ಲ. ಜೋರು ಮಳೆಯ ರಾತ್ರಿ ಈಗಲೂ ಎದ್ದು ಟಾರ್ಚ್ ಬಿಟ್ಟು ನೋಡಿ ಬರುತ್ತೇನೆ.