ಬೆಲ್ಟ್-ಸ್ಪಿಂಡಲ್ ಸ್ಯಾಂಡರ್ ಕೊಳ್ಳುವ ಮುನ್ನ ಡ್ರಮ್ ನೋಡಿ

ಸ್ಯಾಂಡರ್ ಅಂದರೆ ಮರ ಉಜ್ಜಿ ನಯ ಮಾಡುವ ಮೆಷಿನ್. ಬೆಲ್ಟು, ಸ್ಪಿಂಡಲ್ಲು (ಸ್ಯಾಂಡ್‌ಪೇಪರ್ ಸುತ್ತಿದ ಡ್ರಮ್ಮನ್ನು ತಿರುಗಿಸುವ ದಂಡ) ಎರಡೂ ಒಂದರಲ್ಲೇ ಇರುವ ಸ್ಯಾಂಡರ್ ಕೊಳ್ಳುವಾಗ ಮೋಟಾರಿನ ಪವರ್ ಆಮೇಲೆ ನೋಡಿ. ಮೊದಲು ಮೆಷಿನ್ ಆನ್ ಮಾಡಿಸಿ, ಡ್ರಮ್ ತಿರುಗುವುದರ ಜೊತೆಗೆ ಮೇಲೆ ಕೆಳಗೂ ಆಡುತ್ತದಾ ಅಂತ ಗಮನಿಸಿ. ಸುಮ್ನೆ ತಿರುಗುವ ಡ್ರಮ್ಮಿನಲ್ಲಿ ಮರ ತಾಗುವುದು ಪೇಪರಿನ ಒಂದೇ ಪಟ್ಟಿಗೆ. ಅಲ್ಲೇ ಬಿಸಿಯಾಗಿ ಮರ ಕಪ್ಪಾಗುತ್ತದೆ, ಗೆರೆ ಬೀಳುತ್ತದೆ, ಮಿಕ್ಕ ಪೇಪರ್ ಹೊಸದರಂತೆ ಹಾಗೇ ಇರುತ್ತದೆ. ಆಮೇಲೆ ಮೂಲೆಮಟ್ಟವನ್ನು (ಲಂಬಕೋನ ನೋಡುವ ಸಾಧನ) ಮೆಷಿನ್ನಿನ ಟೇಬಲ್ ಮೇಲಿಟ್ಟು ಬೆಲ್ಟಿಗೆ ತಾಗಿಸಿ. ನಡುವೆ ಬೆಳಕು ಕಂಡರೆ ಟೇಬಲ್ ಹೊಂದಿಸಿ ಸರಿಮಾಡಲು ಬರುತ್ತದಾ ಕೇಳಿ, ಬರದಿದ್ದರೆ ಬಿಟ್ಟುಬಿಡಿ. ಬೆಲ್ಟ್ 4×24 ಇಂಚಿನದಾದರೆ ಒಳ್ಳೆಯದು, ಕೈಯಲ್ಲಿ ಹಿಡಿಯುವ ಕೆಲವು ಬೆಲ್ಟ್ ಸ್ಯಾಂಡರ್‌ಗಳಿಗೂ ಅದೇ ಅಳತೆ, ಹುಡುಕಾಟ ಕಡಿಮೆ. ಡ್ರಮ್ ಆಡಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಅಂಟು ಜಾಸ್ತಿ ಇರುವ ಮರದಲ್ಲಿ ಪೇಪರ್ ಹೇಗೂ ಕಟ್ಟಿಕೊಳ್ಳುತ್ತದೆ, ಗಟ್ಟಿಯಾಗಿ ಒತ್ತಿದರೆ ಯಾವ ಮರವೂ ಸುಡುತ್ತದೆ. ಅಗಲ ಹಲಗೆಯ ಮುಖ ಮಟ್ಟ ಮಾಡುವ ಆಸೆ ಇದ್ದರೆ ಇದು ಬೇಡ. ಅಂಚು ಮತ್ತು ತಿರುವುಗಳಿಗಷ್ಟೇ ಇದು. ಹಾಂ, ಬೆಲ್ಟ್ ಬಿಚ್ಚಿ ಡ್ರಮ್ ಹಾಕುವುದನ್ನೂ ಒಮ್ಮೆ ಮಾಡಿಸಿ ನೋಡಿ. ಅದು ರಗಳೆ ಅನಿಸಿದರೆ ಎರಡರಲ್ಲಿ ಒಂದು ಮೂಲೆ ಸೇರುತ್ತದೆ.